ರೀಲೋಡಿಂಗ್ ಸಾಮಾನು ಕಮ್ಮಿ ಬೆಲೆಗೆ ಕೊಳ್ಳುವುದು ಹೇಗೆ?

ಅಮೆರಿಕದಲ್ಲಿ ಶೂಟಿಂಗ್ ರೇಂಜಿಗೆ ಹೋಗಿ ಗುರಿ ಅಭ್ಯಾಸ ಮಾಡುವ ಎಷ್ಟೋ ಮಂದಿ ಹಾರಿಸಿದ ಖಾಲಿ ತೋಟಾವನ್ನು ಎಸೆಯುವುದಿಲ್ಲ. ಮನೆಗೆ ತಂದು, ತೊಳೆದು, ಮತ್ತೆ ತುಂಬಿಕೊಳ್ಳುತ್ತಾರೆ. ಅದೇ ರೀಲೋಡಿಂಗ್. ಬೇಕಾಗುವ ಸಾಮಾನು ನಾಲ್ಕೇ: ಹಿತ್ತಾಳೆಯ ಕೇಸ್ (ತೋಟಾದ ಖೋಲು), ಪ್ರೈಮರ್ (ಮದ್ದಿಗೆ ಕಿಡಿ ತಗುಲಿಸುವ ಸಣ್ಣ ಬಿಲ್ಲೆ), ಮದ್ದು, ಗುಂಡು. ನಾಲ್ಕನ್ನೂ ಕಮ್ಮಿ ಬೆಲೆಗೆ ತರಬಹುದು. ಆದರೆ ಹಿತ್ತಾಳೆಯಲ್ಲಿ ಎಷ್ಟು ಬೇಕಾದರೂ ಉಳಿಸಿ, ಮದ್ದಿನ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡು ಅಗ್ಗಕ್ಕೆ ಕೈ ಹಾಕಬೇಡಿ.

ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ

ಇದು ಅಲ್ಲಿರುವ ಕನ್ನಡಿಗರು ಓದಲೇಬೇಕಾದ ಭಾಗ. ಎಚ್-1ಬಿ, ವಿದ್ಯಾರ್ಥಿ ವೀಸಾದಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಅಮೆರಿಕದ ಫೆಡರಲ್ ಕಾನೂನು. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿರುವುದಿಲ್ಲ. ಆ ಕಾನೂನಿನ ಲೆಕ್ಕದಲ್ಲಿ ಮದ್ದುಗುಂಡು ಅಂದರೆ ತುಂಬಿದ ತೋಟಾ ಮಾತ್ರ ಅಲ್ಲ. ಬಿಡಿ ಕೇಸ್, ಪ್ರೈಮರ್, ಗುಂಡು, ಮದ್ದು ಎಲ್ಲವೂ ಅದರಲ್ಲೇ ಬರುತ್ತವೆ. ಹಾಗಾಗಿ ‘ಸುಮ್ನೆ ಹಿತ್ತಾಳೆ ಕೂಡಿಟ್ಟಿದ್ದೇನೆ’ ಅಂದರೆ ನಡೆಯುವುದಿಲ್ಲ. ರಾಜ್ಯದ ಕಾನೂನು ಬೇರೆಯೇ ಇರುತ್ತದೆ, ಅದನ್ನೂ ವಿಚಾರಿಸಿ.

ಊರಿಗೆ ಹೊರಡುವಾಗ ರೇಂಜಿಗೆ ಒಯ್ದ ಬ್ಯಾಗನ್ನು ತರಲೇಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟಾಕ್ಕೂ ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೇಸು ದಾಖಲಾಗುತ್ತದೆ. ಇಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕೊಡವರಿಗೆ ಕೋವಿ ಲೈಸೆನ್ಸಿನಿಂದ ಸಿಕ್ಕಿರುವ ವಿನಾಯಿತಿ ತಯಾರಿಕೆಗೆ ಅನ್ವಯಿಸುವುದಿಲ್ಲ. ಮುಂದೆ ಹೇಳುವುದೆಲ್ಲ ಅಮೆರಿಕದ ಮಾತು.

ಹಿತ್ತಾಳೆ: ಉಳಿತಾಯ ಇರುವುದೇ ಇಲ್ಲಿ

ನಾಲ್ಕು ಸಾಮಾನಿನಲ್ಲಿ ಮತ್ತೆ ಮತ್ತೆ ಬಳಸಲು ಬರುವುದು ಕೇಸ್ ಒಂದೇ. ಮೊದಲು ನಿಮ್ಮ ರೇಂಜಿನಲ್ಲೇ ಕೇಳಿ. ಕೆಲವು ಕಡೆ ಬಿದ್ದದ್ದನ್ನು ಆರಿಸಿಕೊಳ್ಳಲು ಬಿಡುತ್ತಾರೆ, ಕೆಲವು ಕಡೆ ರೇಂಜಿನವರೇ ಗುಡಿಸಿ ತೂಕಕ್ಕೆ ಮಾರುತ್ತಾರೆ. ಒಂದು ಪೌಂಡ್ ಅಂದರೆ 7000 ಗ್ರೇನ್. 9 ಎಂಎಂ ಪಿಸ್ತೂಲಿನ ಕೇಸ್ ಸುಮಾರು 60 ಗ್ರೇನ್ ತೂಗುತ್ತದೆ. ಅಲ್ಲಿಗೆ ಪೌಂಡಿಗೆ 115ರ ಮೇಲೆ ಬರಬೇಕು. .223 ರೈಫಲ್ ಕೇಸ್ ಆದರೆ 75ರ ಆಸುಪಾಸು. ಈ ಲೆಕ್ಕ ತಲೆಯಲ್ಲಿದ್ದರೆ ಮಾರುವವನ ಬೆಲೆ ದುಬಾರಿಯೋ ಅಗ್ಗವೋ ತಕ್ಷಣ ಗೊತ್ತಾಗುತ್ತದೆ.

ತಂದ ಮೇಲೆ ಒಂದೊಂದನ್ನೂ ತಿರುಗಿಸಿ ತಳ ನೋಡಿ. ತಳದಲ್ಲಿ ಅಕ್ಷರ ಕೊರೆದಿರುತ್ತಾರೆ. ‘ಎಲ್‌ಸಿ’ ಎಂದಿದ್ದರೆ ಅದು ಮಿಸೌರಿ ರಾಜ್ಯದ ಲೇಕ್ ಸಿಟಿ ಕಾರ್ಖಾನೆಯದು. ಅಮೆರಿಕದ ಸೇನೆಗೆ 1941ರಿಂದ ತೋಟಾ ಮಾಡಿಕೊಡುತ್ತಿರುವ ಜಾಗ ಅದು. ಪಕ್ಕದ ಎರಡು ಅಂಕಿ ತಯಾರಾದ ವರ್ಷ. ವೃತ್ತದೊಳಗೆ ಅಡ್ಡಗೆರೆ, ಉದ್ದಗೆರೆ ಇದ್ದರೆ ನೇಟೋ ಗುರುತು. ಇಂಥ ಸೇನಾ ಹಿತ್ತಾಳೆ ಗಟ್ಟಿಮುಟ್ಟು, ಬೆಲೆಯೂ ಕಮ್ಮಿ. ಆದರೆ ಪ್ರೈಮರ್ ಅಲುಗಾಡದಂತೆ ಸುತ್ತಲಿನ ಹಿತ್ತಾಳೆಯನ್ನು ಒತ್ತಿ ಬಿಗಿ ಮಾಡಿರುತ್ತಾರೆ. ಆ ಬಿಗಿಯನ್ನು ತೆಗೆಯದೆ ಹೊಸ ಪ್ರೈಮರ್ ಕೂರುವುದಿಲ್ಲ. ಅದಕ್ಕೆ ಬೇಕಾದ ಉಪಕರಣದ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. 7.62 ಎಂಎಂ ಸೇನಾ ಕೇಸಿನ ಗೋಡೆ ದಪ್ಪ ಇರುವುದು ಜಾಸ್ತಿ, ಒಳಗೆ ಜಾಗ ಕಮ್ಮಿ. ಅದರ ನಾಗರಿಕ ರೂಪವಾದ ಮಾಮೂಲಿ .308 ಕೇಸಿನ ಮದ್ದಿನ ಅಳತೆಯನ್ನೇ ಅದಕ್ಕೂ ಹಾಕಬಾರದು.

ಆಮೇಲೆ ಬಾಯಿಯ ಕಡೆಯಿಂದ ಒಳಗೆ ಟಾರ್ಚ್ ಬಿಡಿ. ತಳದ ನಡುವೆ ಒಂದೇ ತೂತು ಇದ್ದರೆ ಬಾಕ್ಸರ್ ಮಾದರಿ, ಇಟ್ಟುಕೊಳ್ಳಿ. ಎರಡು ಸಣ್ಣ ತೂತು ಕಂಡರೆ ಬರ್ಡನ್ ಮಾದರಿ, ಪಕ್ಕಕ್ಕಿಡಿ. ಹೊರದೇಶಗಳ ಹಳೆಯ ಸೇನಾ ಸರಕಿನಲ್ಲಿ ಇದು ಸಿಗುತ್ತದೆ. ಮನೆಯಲ್ಲಿ ತುಂಬುವವರಿಗೆ ಬರೀ ತಲೆನೋವು. ರಾಶಿಯ ಮೇಲೆ ಅಯಸ್ಕಾಂತ ಆಡಿಸಿ, ಅದಕ್ಕೆ ಅಂಟುವ ಉಕ್ಕಿನ ಕೇಸ್‌ಗಳನ್ನು ಬೇರೆ ಮಾಡಿ. ಅಲ್ಯೂಮಿನಿಯಂ ಕೇಸ್‌ ಅಯಸ್ಕಾಂತಕ್ಕೆ ಸಿಗುವುದಿಲ್ಲ, ಬಣ್ಣ ನೋಡಿ ತೆಗೆಯಬೇಕು. .45 ಎಸಿಪಿ ಎಂಬ ಪಿಸ್ತೂಲ್ ಕೇಸಿನ ರಾಶಿಯಲ್ಲಿ ದೊಡ್ಡ ಪ್ರೈಮರಿನವೂ ಚಿಕ್ಕ ಪ್ರೈಮರಿನವೂ ಬೆರೆತಿರುತ್ತವೆ, ಬೇರ್ಪಡಿಸಿ.

ಗುಂಡು: ಕಲೆ ಇದ್ದರೇನಂತೆ

ಕಂಪನಿಗಳು ಬಣ್ಣ ಮಾಸಿದ, ಸಣ್ಣ ಗೀರು ಬಿದ್ದ ಗುಂಡುಗಳನ್ನು ‘ಬ್ಲೆಮ್’ ಎಂದು ಬೇರೆ ಮಾಡಿ ಮಾರುತ್ತವೆ. ನೋಸ್ಲರ್ ಕಂಪನಿಯ ಗುಂಡುಗಳೂ ಹೀಗೆ ಸಿಗುತ್ತವೆ. ಅಭ್ಯಾಸಕ್ಕೆ ಇವು ಧಾರಾಳ ಸಾಕು. ಹಾರ್ನಡಿ ಕಂಪನಿಯ ಪ್ರೆಸ್ (ತೋಟಾ ತುಂಬುವ ಯಂತ್ರ), ಡೈ (ಅದಕ್ಕೆ ಹಾಕುವ ಅಚ್ಚು) ಕೊಂಡರೆ ಗುಂಡು ಉಚಿತವಾಗಿ ಕೊಡುವ ಯೋಜನೆಯೂ ನಡೆಯುತ್ತಿರುತ್ತದೆ. ಹೇಗೂ ಪ್ರೆಸ್ ಕೊಳ್ಳುವವರು ಆ ಸಮಯ ನೋಡಿಕೊಂಡು ಕೊಳ್ಳಬಹುದು ಅಲ್ವಾ?

ಪ್ರೈಮರ್, ಮದ್ದು: ಸಾಗಣೆ ಶುಲ್ಕವೇ ದೊಡ್ಡ ಖರ್ಚು

ಇವೆರಡೂ ಅಪಾಯಕಾರಿ ಸರಕು. ತರಿಸಿದರೆ ಮಾಮೂಲಿ ಸಾಗಣೆ ವೆಚ್ಚದ ಮೇಲೆ ಹ್ಯಾಜ್‌ಮ್ಯಾಟ್ ಶುಲ್ಕ ಬೀಳುತ್ತದೆ. ಅದು 30 ಡಾಲರ್ ಅಂತಿಟ್ಟುಕೊಳ್ಳಿ. ಒಂದು ಪೌಂಡ್ ಮದ್ದು ತರಿಸಿದರೆ ಅಷ್ಟೂ ಅದರ ತಲೆಯ ಮೇಲೇ. 8 ಪೌಂಡಿನ ಡಬ್ಬಿ ತರಿಸಿದರೆ ಪೌಂಡಿಗೆ 4 ಡಾಲರ್ ಕೂಡ ಆಗುವುದಿಲ್ಲ. ಆದ್ದರಿಂದ ಕ್ಲಬ್ಬಿನ ಗೆಳೆಯರು ಯಾವಾಗ ತರಿಸುತ್ತಾರೆ ಎಂದು ಕೇಳಿಕೊಂಡು ಜೊತೆಯಲ್ಲೇ ಆರ್ಡರ್ ಮಾಡಿ. ಮಿಡ್‌ವೇ ಯುಎಸ್ಎ, ಬ್ರೌನೆಲ್ಸ್, ಗ್ರಾಫ್ ಅಂಡ್ ಸನ್ಸ್‌ನಂಥ ಅಂಗಡಿಗಳು ಈ ಶುಲ್ಕ ಬಿಡುವ ರಿಯಾಯಿತಿ ದಿನಗಳ ಮೇಲೂ ಕಣ್ಣಿಡಿ. ಒಂದೊಂದು ಡಬ್ಬಿ ಸಾಕು ಅನ್ನುವವರಿಗೆ ಊರಿನ ಅಂಗಡಿಯೇ ಅಗ್ಗ ಬೀಳುವುದುಂಟು. ಅಭಾವದ ದಿನಗಳಲ್ಲಿ ಮಾತ್ರ ಹೆದರಿ ಕೊಳ್ಳಬೇಡಿ. ಸಾವಿರಕ್ಕೆ 30 ಡಾಲರ್ ಆಸುಪಾಸಿನಲ್ಲಿದ್ದ ಪ್ರೈಮರ್ 2020-21ರ ಅಭಾವದಲ್ಲಿ ಕೈಬದಲು ಮಾರಾಟದಲ್ಲಿ 100 ಡಾಲರ್ ದಾಟಿತ್ತು.

ಸೇನೆಯ ಉಳಿಕೆ ಮದ್ದಿಗೆ ದೊಡ್ಡ ಚರಿತ್ರೆಯೇ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನ್ಸಾಸ್‌ನ ಬ್ರೂಸ್ ಹಾಜ್ಡನ್ ಸೇನೆಯ ಉಳಿಕೆ ಮದ್ದನ್ನು ಕೊಂಡು ಹವ್ಯಾಸಿಗಳಿಗೆ ಮಾರಿದರು. ಇಂದಿನ ಹಾಜ್ಡನ್ ಕಂಪನಿ ಶುರುವಾದದ್ದು ಹಾಗೆ. ಈಗಲೂ ‘ಡಬ್ಲ್ಯೂಸಿ 844’ರಂಥ ಹೆಸರಿನಲ್ಲಿ ಅಂಥ ಮದ್ದು ಆಗಾಗ ಬರುತ್ತದೆ. ಆದರೆ ಒಂದು ಲಾಟಿನಂತೆ (ಒಮ್ಮೆಗೆ ತಯಾರಾದ ಸರಕಿನಂತೆ) ಇನ್ನೊಂದು ಲಾಟು ಇರುವುದಿಲ್ಲ. ಮಾರುವವರು ಲಾಟ್ ನಂಬರ್, ಯಾವ ರೀಲೋಡಿಂಗ್ ಕೈಪಿಡಿಯಲ್ಲಿನ ಮದ್ದಿನ ಅಳತೆ ಅನುಸರಿಸಬೇಕು ಎಂಬ ಮಾಹಿತಿ ಎರಡನ್ನೂ ಕೊಡದಿದ್ದರೆ ಬಿಟ್ಟುಬಿಡಿ. ಕೊಟ್ಟರೂ ಕೈಪಿಡಿಯ ಅತಿ ಕಡಿಮೆ ಅಳತೆಯಿಂದಲೇ ಶುರು ಮಾಡಿ.

ಹಳೆಯ ಹವ್ಯಾಸಿಯೊಬ್ಬರು ತೀರಿಕೊಂಡಾಗ ಮನೆಯವರು ಶೆಡ್ಡಿನಲ್ಲಿದ್ದುದೆಲ್ಲ ಒಟ್ಟಿಗೆ ಮಾರುವುದು ಅಲ್ಲಿ ಮಾಮೂಲು. ಪ್ರೆಸ್, ತಕ್ಕಡಿ, ಡೈಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅವು ದಶಕಗಟ್ಟಲೆ ಬಾಳುತ್ತವೆ. ಸೀಲು ಒಡೆದ ಮದ್ದಿನ ಡಬ್ಬಿ ಮಾತ್ರ ಬೇಡ. ಒಳಗಿರುವುದು ಚೀಟಿಯಲ್ಲಿ ಬರೆದದ್ದೇ ಅನ್ನುವುದಕ್ಕೆ ಯಾರೂ ಜವಾಬು ಹೇಳಲಾರರು. ತಪ್ಪು ಮದ್ದು ಹಾಕಿದರೆ ಕೋವಿ ಕೈಯಲ್ಲೇ ಸಿಡಿಯುತ್ತದೆ. ಒಳ್ಳೆಯ ಮದ್ದಿಗೆ ಸ್ಪಿರಿಟ್‌ನಂಥ ವಾಸನೆ. ಹುಳಿ ಘಾಟು ಬಂದರೆ, ಕೆಂಪು-ಕಂದು ಪುಡಿಯೋ ಹೊಗೆಯೋ ಕಂಡರೆ ಅದು ಕೆಟ್ಟಿದೆ ಅಂತಲೇ ಅರ್ಥ.

ಅಗ್ಗ ಸಿಕ್ಕಿತೆಂದು ಮನೆ ತುಂಬಾ ಪೇರಿಸಿಡುವುದಕ್ಕೂ ಮಿತಿ ಇದೆ. ಅಮೆರಿಕದ ಅಗ್ನಿ ಸುರಕ್ಷಾ ಸಂಸ್ಥೆ ಎನ್‌ಎಫ್‌ಪಿಎ ಮಾನದಂಡದಂತೆ ಮನೆಯಲ್ಲಿ 20 ಪೌಂಡ್ ಹೊಗೆರಹಿತ ಮದ್ದು, 10,000 ಪ್ರೈಮರ್. ಅದಕ್ಕಿಂತ ಜಾಸ್ತಿ ಮದ್ದಿಗೆ ದಪ್ಪ ಮರದ ಪೆಟ್ಟಿಗೆ ಬೇಕು. ನಿಮ್ಮ ಊರಿನ ನಿಯಮ ಇನ್ನೂ ಬಿಗಿ ಇರಬಹುದು. ಯಾವುದನ್ನೂ ಕಂಪನಿಯ ಡಬ್ಬಿಯಿಂದ ಬೇರೆ ಡಬ್ಬಿಗೆ ಸುರಿಯಬೇಡಿ, ಮಕ್ಕಳ ಕೈಗೆ ಎಟುಕದ ಹಾಗೆ ಬೀಗ ಹಾಕಿಡಿ.