ಅಲ್ಲದ ಮೇಲೆ ಪಿಎಚ್‌ಡಿ

ನಮ್ಮ ಬೀದರ್ ಕಡೆ ಹಸಿ ಶುಂಠಿಗೆ ಅಲ್ಲ ಅಂತೀವಿ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಹೋದ ಮೊದಲ ವಾರ, ಹಾಸನದ ಕಡೆಯ ರೂಮ್‌ಮೇಟ್ "ನಿನ್ನ ಪಿಎಚ್‌ಡಿ ಯಾವುದರ ಮೇಲೆ?" ಅಂತ ಕೇಳಿದಳು. "ಅಲ್ಲದ ಮೇಲೆ" ಅಂದೆ. "ಯಾವುದು ಅಲ್ಲ?" ಅಂದಳು. ಅರ್ಥ ಮಾಡಿಸುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು.

ವಿಷಯ ಹುಡುಕಲು ನಾನು ದೂರ ಹೋಗಲಿಲ್ಲ. ನಮ್ಮ ಮನೆಯಲ್ಲೇ ಎರಡು ವರ್ಷ ಅಲ್ಲ ಕೊಳೆತು ಅಪ್ಪ ಸಾಲ ಮಾಡಿದ್ದರು. ಗೆಡ್ಡೆ ಕೊಳೆ ರೋಗ ತಡೆಯುವುದು ಹೇಗೆ ಅನ್ನುವುದೇ ನನ್ನ ಸಿನಾಪ್ಸಿಸ್, ಅಂದರೆ ಸಂಶೋಧನೆಯ ಯೋಜನೆ, ಆಯಿತು. ಕೋರ್ಸ್‌ವರ್ಕ್, ಕ್ವಾಲಿಫೈಯಿಂಗ್ ಪರೀಕ್ಷೆ, ಸೆಮಿನಾರ್ ಇವೆಲ್ಲ ಎಲ್ಲರಿಗೂ ಇರುವುದೇ. ಒಂದೇ ಮಾತು ಹೇಳುತ್ತೇನೆ: ಕೃಷಿಕೋಶ ಅನ್ನುವ ಆನ್‌ಲೈನ್ ಭಂಡಾರದಲ್ಲಿ ಹಳೆಯ ಪ್ರಬಂಧಗಳು ಸಿಗುತ್ತವೆ, ಸಿನಾಪ್ಸಿಸ್ ಬರೆಯುವ ಮೊದಲೇ ಓದಿ. ನಾನು ತಡವಾಗಿ ಓದಿದೆ. ಯೋಚಿಸಿದ್ದರಲ್ಲಿ ಅರ್ಧ ಬೇರೆಯವರು ಆಗಲೇ ಮಾಡಿ ಮುಗಿಸಿದ್ದರು.

ಪ್ರಯೋಗವನ್ನು ನಮ್ಮೂರಿನಲ್ಲೇ, ಕಾಕಾನ ಹೊಲದಲ್ಲಿ ಹಾಕಿದೆ. ಏಳು ಟ್ರೀಟ್‌ಮೆಂಟ್ (ಹೋಲಿಸಿ ನೋಡುವ ಉಪಚಾರಗಳು), ಮೂರು ರಿಪ್ಲಿಕೇಶನ್ (ಒಂದೊಂದನ್ನೂ ಮೂರು ಸಲ), ಒಟ್ಟು 21 ಮಡಿ. ಮೇ ತಿಂಗಳಲ್ಲಿ 20–25 ಗ್ರಾಂ ತೂಕದ ಗೆಡ್ಡೆ ತುಂಡುಗಳನ್ನು ಮ್ಯಾಂಕೋಜೆಬ್ ಶಿಲೀಂಧ್ರನಾಶಕದ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ನೆರಳಲ್ಲಿ ಆರಿಸಿ ಊರಿದೆವು. ಕಾಕಾ ಬದುವಿನ ಮೇಲೆ ಕೂತು ನೋಡುತ್ತಿದ್ದ. "ಏನವ್ವಾ, ನೀರು ನಿಂತ್ರ ಅಲ್ಲ ಕೊಳೀತದ, ಇದು ನಮಗೂ ಗೊತ್ತದ. ಇದಕ್ಕ ಇಷ್ಟು ವರ್ಷ ಓದಬೇಕೇನು?" ನನಗೆ ಸಿಟ್ಟು ಬಂತು.

ಆ ಹೊಲ ಮೇಲಿನಿಂದ ಕೆಳಕ್ಕೆ ಇಳಿಜಾರು. ಮೇಲೆ ಕೆಂಪು ಮುರುಮು, ಕೆಳಗೆ ಎರಿ, ಅಂದರೆ ಕಪ್ಪು ಮಣ್ಣು. ಏಳೂ ಟ್ರೀಟ್‌ಮೆಂಟ್ ಒಂದೊಂದು ಸಲ ಬರುವ ಮಡಿಗಳ ಗುಂಪೇ ಬ್ಲಾಕ್. ಒಂದೊಂದು ಬ್ಲಾಕ್ ಒಳಗೆ ಮಣ್ಣು ಆದಷ್ಟು ಒಂದೇ ತರಹ ಇರಬೇಕು, ಅಂದರೆ ಬ್ಲಾಕ್ ಇಳಿಜಾರಿಗೆ ಅಡ್ಡ ಬರಬೇಕು. ಪರೀಕ್ಷೆಯಲ್ಲಿ ಇದನ್ನೇ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಹೊಲದಲ್ಲಿ ಮಾತ್ರ ಬ್ಲಾಕ್‌ಗಳನ್ನು ಉದ್ದಕ್ಕೆ ಎಳೆದಿದ್ದೆ. ಹಾಗೆ ಮಾಡಿದರೆ ನೀರಿನ ಪೈಪಿಗೆ ಹತ್ತಿರ ಆಗುತ್ತದೆ ಅಂತ, ಅಷ್ಟೇ ಕಾರಣ.

ಆಗಸ್ಟ್ ಮಳೆಗೆ ಕೆಳಗಿನ ಮಡಿಗಳಲ್ಲಿ ನೀರು ನಿಂತಿತು. ಕೊಳೆ ತರುವ ಪಿಥಿಯಂ ಅನ್ನುವ ಸೂಕ್ಷ್ಮಜೀವಿ ನೀರಿನಲ್ಲಿ ಈಜಿಕೊಂಡೇ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಕೆಳಗಿನ ಎಲೆಗಳು ತುದಿಯಿಂದ ಹಳದಿ ಆದವು. ಕಾಂಡ ಹಿಡಿದು ಎಳೆದರೆ ಸುಮ್ನೆ ಕೈಗೆ ಬರುತ್ತಿತ್ತು, ಬುಡದಲ್ಲಿ ಕೆಟ್ಟ ವಾಸನೆ. ಕೊಳೆ ತಡೆಯುವ ಶಿಲೀಂಧ್ರ ಟ್ರೈಕೋಡರ್ಮಾ ಹಾಕಿದ ಮಡಿಯೂ ಕೆಳಗಿದ್ದರೆ ಕೊಳೆಯಿತು, ಏನೂ ಹಾಕದ್ದು ಮೇಲಿದ್ದರೆ ಉಳಿಯಿತು. ಜನವರಿಯಲ್ಲಿ ಕಿತ್ತು ತೂಕ ಮಾಡಿ ಲೆಕ್ಕ ಹಾಕಿದರೆ ಯಾವ ಟ್ರೀಟ್‌ಮೆಂಟಿಗೂ ವ್ಯತ್ಯಾಸವೇ ಇಲ್ಲ. ಗೈಡ್ ಹಾಳೆ ನೋಡಿ, ಹೊಲದ ನಕ್ಷೆ ಕೇಳಿದರು. ನೋಡಿ ವಾಪಸ್ ಕೊಟ್ಟು, "ಈ ವರ್ಷದ್ದನ್ನು ಬಿಡು" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಾಗಲಕೋಟೆಯಿಂದ ವಿಜಯಪುರ, ಕಲಬುರಗಿ, ಹುಮನಾಬಾದ್ ಅಂತ ಬಸ್ ಬದಲಿಸುತ್ತಾ ಬಂದ ಆ ರಾತ್ರಿ ಬಿಟ್ಟುಬಿಡೋಣ ಅಂತಲೇ ಲೆಕ್ಕ ಹಾಕಿದ್ದೆ. ಫೆಲೋಶಿಪ್ ಮುಗಿಯುವುದು ಯಾವಾಗ, ಮನೆಯಲ್ಲಿ ಮದುವೆ ಮಾತು ತಡೆಯುವುದು ಹೇಗೆ, ಎಲ್ಲ.

ಬೆಳಿಗ್ಗೆ ಕಾಕಾನನ್ನೇ ಕರೆದುಕೊಂಡು ಹೊಲ ಸುತ್ತಿದೆ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ, ಹೋದ ವರ್ಷ ಎಲ್ಲಿಂದ ಕೊಳೆ ಶುರುವಾಯಿತು ಅಂತ ಕೋಲಿನಿಂದ ಗೆರೆ ಎಳೆದು ತೋರಿಸಿದ. ಆ ಗೆರೆಗಳ ಮೇಲೇ ಎರಡನೇ ಸಲದ ಬ್ಲಾಕ್ ಬಂದವು. ಏರು ಮಡಿ ಮಾಡಿದೆವು. ಕೆಲವು ಮಡಿಗಳಿಗೆ ರೋಗಾಣು ಸಾಯಲಿ ಅಂತ ಬಿಸಿಲಿನಿಂದ ಮಣ್ಣು ಕಾಯಿಸುವ ಟ್ರೀಟ್‌ಮೆಂಟ್ ಇತ್ತು. ಅದಕ್ಕೆ ಮೊದಲು ಮಣ್ಣು ತೋಯಿಸಿ, ಪಾರದರ್ಶಕ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಒತ್ತಿ 40–45 ದಿನ ಬಿಡಬೇಕು. ಕಾಕಾ ಪೇಟೆಯಿಂದ ಕಪ್ಪು ಮಲ್ಚಿಂಗ್ ಹಾಳೆ ತಂದಿದ್ದ. ಕಪ್ಪು ಹಾಳೆ ಬಿಸಿಲನ್ನು ತಾನೇ ಹೀರಿಕೊಳ್ಳುತ್ತದೆ, ಮಣ್ಣು ಅಷ್ಟು ಕಾಯುವುದಿಲ್ಲ. ಅದನ್ನು ವಾಪಸ್ ಮಾಡಲು ಅರ್ಧ ದಿನ ಹೋಯಿತು. ನಮ್ಮ ಏಪ್ರಿಲ್ ಬಿಸಿಲು ಒಂದು ಕೆಲಸಕ್ಕಾದರೂ ಬಂತು, ಅಲ್ವಾ!

ಆ ವರ್ಷ ಮತ್ತು ಮುಂದಿನ ವರ್ಷದ ದತ್ತಾಂಶದ ಮೇಲೇ ಪ್ರಬಂಧ ನಿಂತಿತು. ಮುಗಿಸುವಾಗ ಒಂದು ವರ್ಷ ಜಾಸ್ತಿ ಆಗಿತ್ತು. ವೈವಾದಲ್ಲಿ ಹೊರಗಿನ ಪರೀಕ್ಷಕರು ಜಾಸ್ತಿ ಕೇಳಿದ್ದು ಕೈಬಿಟ್ಟ ಮೊದಲ ವರ್ಷದ ಬಗ್ಗೆಯೇ. ಇದ್ದದ್ದು ಇದ್ದಹಾಗೆ ಹೇಳಿದೆ.

ಕೆಲಸ ತಕ್ಷಣ ಸಿಗಲಿಲ್ಲ. ಒಂದು ಯೋಜನೆಯಲ್ಲಿ ಸಂಶೋಧನಾ ಸಹಾಯಕಿ, ಆಮೇಲೆ ಅತಿಥಿ ಉಪನ್ಯಾಸಕಿ. ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ (ಎಎಸ್‌ಆರ್‌ಬಿ) ನಡೆಸುವ ನೆಟ್ ಅರ್ಹತಾ ಪರೀಕ್ಷೆಯನ್ನು ಪ್ರಬಂಧ ಬರೆಯುವಾಗಲೇ ಮುಗಿಸಿದ್ದರೆ ಒಂದು ವರ್ಷ ಉಳಿಯುತ್ತಿತ್ತು. 150 ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಅಂಕ ಕಳೆಯುತ್ತಾರೆ. ಮೊದಲ ಸಲ ಊಹೆ ಮಾಡಿಯೇ ಸೋತೆ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರು 371 ಜೆ ಮೀಸಲಾತಿಯ ಪ್ರಮಾಣಪತ್ರವನ್ನೂ ಮೊದಲೇ ಮಾಡಿಸಿಟ್ಟುಕೊಳ್ಳಿ. ಅರ್ಜಿಯ ಕೊನೆಯ ದಿನ ಎಸಿ (ಸಹಾಯಕ ಆಯುಕ್ತರ) ಕಚೇರಿಗೆ ಓಡುವುದು ಬೇಡ.

ಈಗ ಒಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋಟಗಾರಿಕೆ ವಿಷಯ ತಜ್ಞೆ. ಹೋದ ವಾರ ಒಬ್ಬ ಅಜ್ಜ ಬಾಡಿದ ಗಿಡವನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದಿದ್ದರು. ಎಲೆ ಹಸಿರಾಗಿಯೇ ಸುರುಳಿ ಸುತ್ತಿತ್ತು. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ಹಾಲಿನಂಥ ಎಳೆ ಕೆಳಗಿಳಿಯಿತು. ಇದು ಕೊಳೆ ರೋಗವಲ್ಲ, ಬ್ಯಾಕ್ಟೀರಿಯಾ ಸೊರಗು. "ಅಜ್ಜಾರ, ಈ ಗೆಡ್ಡಿ ಬೀಜಕ್ಕ ಇಡಬ್ಯಾಡ್ರಿ. ಆ ಹೊಲದಾಗ ಒಂದೆರಡು ವರ್ಷ ಜೋಳ ಹಾಕ್ರಿ" ಅಂದೆ.

"ಅಲ್ಲ ಬ್ಯಾಡೇನು?"

"ಅಲ್ಲ ಬ್ಯಾಡ್ರಿ."

ಅಜ್ಜ ಲೋಟವನ್ನು ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿದರು.