ಕಾವೇರಮ್ಮನ ಜೊತೆ ನಂಟು ಬೆಳೆಸಲು

ದೇವಿ ಜೊತೆ ಸ್ವಂತ ನಂಟು ಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೆಲವರು ಕೇಳಿದ್ದೀರಿ. ಕೊಡಗಿನಲ್ಲಿದ್ದವರು ದೂರ ಹುಡುಕಬೇಕಿಲ್ಲ, ಕಾವೇರಿ ನದಿಯ ದೇವಿ ಕಾವೇರಮ್ಮ ಇಲ್ಲೇ ಇದ್ದಾಳೆ ಅಲ್ವಾ?

ಮೊದಲ ಸಲವೇ ನದಿ ಹುಟ್ಟುವ ತಲಕಾವೇರಿಗೆ, ತುಲಾ ಸಂಕ್ರಮಣದಲ್ಲಿ ತೀರ್ಥ ಉಕ್ಕುವ ತೀರ್ಥೋದ್ಭವಕ್ಕೇ ಹೋಗಬೇಕೆಂದಿಲ್ಲ. ಅಕ್ಟೋಬರ್ ಮಧ್ಯದ ಆ ಜನಜಂಗುಳಿಯಲ್ಲಿ ಕುಂಡಿಕೆ (ತೀರ್ಥ ಉಕ್ಕುವ ಪುಟ್ಟ ಕೊಳ) ಕಾಣುವುದೇ ಕಷ್ಟ. ಮಾಮೂಲಿ ದಿನ ಬೆಳಿಗ್ಗೆ ಹೋಗಿ. ಮೊದಲು ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ನದಿಗಳು ಕೂಡುವ ಸಂಗಮ, ಆಮೇಲೆ ತಲಕಾವೇರಿ. (ಜೋರು ಮಳೆಗಾಲದಲ್ಲಿ ನೀರಿಗೆ ಮಾತ್ರ ಇಳಿಯಬೇಡಿ.) ಫೋನ್ ಒಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತುಕೊಳ್ಳಿ.

ನನ್ನ ಪ್ರಕಾರ ಮನೆಯಲ್ಲಿ ಮಾಡುವುದೇ ಜಾಸ್ತಿ ಮುಖ್ಯ. ಸಂಕ್ರಮಣದ ಮರುದಿನ ಮನೆಮನೆಯಲ್ಲಿ ಕಾವೇರಮ್ಮನಿಗೆ ಮಾಡುವ ಕಣಿ ಪೂಜೆಗೆ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಹೂವು, ಒಡವೆ ಹಾಕಿ ದೇವಿಯನ್ನು ಕೂರಿಸುತ್ತಾರೆ. ಅದನ್ನೆಲ್ಲ ಅತ್ತೆಗೋ ಅಮ್ಮನಿಗೋ ಬಿಟ್ಟು ಕೊನೆಗೆ ಕೈಮುಗಿಯಲು ಬರಬೇಡಿ. ಅವರ ಪಕ್ಕ ಕೂತು ನೀವೇ ಸಿಂಗರಿಸಿ. ನಮ್ಮ ಕೈಯಾರೆ ಬಟ್ಟೆ ಉಡಿಸಿದ ದೇವಿ ಹತ್ತಿರ ಮಾತಾಡಲು ಸಂಕೋಚ ಆಗುವುದಿಲ್ಲ.

ಮಂತ್ರ ಬಾರದಿದ್ದರೆ ಚಿಂತೆ ಬೇಡ. ಕಾಫಿ ರೇಟು, ಮಗಳ ಪರೀಕ್ಷೆ, ಏನಿದೆಯೋ ಅದನ್ನೇ ಹೇಳಿ. ತಲಕಾವೇರಿಯಿಂದ ತಂದ ತೀರ್ಥವನ್ನು ಶೋಕೇಸಿನಲ್ಲಿ ಮರೆಯದೆ, ದಿನಾ ದೀಪ ಹಚ್ಚುವ ಕಡೆಯೇ ಇಡಿ.