ಯಾರೂ ಪ್ಯಾಕ್ ಮಾಡದ ಟೇಬಲ್‌ನಲ್ಲಿ ಪೋಕರ್: ನನ್ನ ಅನುಭವ

ಬ್ಲಫ್ (ಕೈಯಲ್ಲಿ ಏನೂ ಇಲ್ಲದೆ ದುಡ್ಡು ಹಾಕಿ ಹೆದರಿಸುವುದು) ಬಿಟ್ಟರೆ ಪೋಕರ್‌ನಲ್ಲಿ ದುಡ್ಡು ಉಳಿಯುತ್ತದೆ ಎಂದು ನಾನು ಹೇಳಿದಾಗ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಬ್ಲಫ್ ಇಲ್ದೆ ಪೋಕರ್ ಎಂಥದ್ದು ಮಾರಾಯ? ಮನೇಲಿ ಕೂತು ರಮ್ಮಿ ಆಡು" ಅಂದರು ಸುಬೇದಾರ್ ಮಾವ. "ಒಳ್ಳೆ ಎಲೆ ಬಂದಾಗ ಮಾತ್ರ ಆಡಿದ್ರೆ ನಿಂಗೆ ದುಡ್ಡು ಕೊಡೋರು ಯಾರು?" ಅಂತ ಮೆಣಸಿನ ವ್ಯಾಪಾರಿ ಗೆಳೆಯ ಕೇಳಿದ. ಎಲ್ಲರೂ ಕೊಟ್ಟರು. ಬ್ಲಫ್ ಬಿಟ್ಟ ಮೇಲಿನ ಎರಡು ಮಳೆಗಾಲದಲ್ಲಿ ಸುಮಾರು 35 ಸಾವಿರ ಬಂದಿದೆ. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ದುಡ್ಡು), ಬಟನ್ (ಕೊನೆಯ ಸರದಿ ಸಿಗುವ ಸೀಟು), ಫ್ಲಾಪ್, ಟರ್ನ್, ರಿವರ್ (ಟೇಬಲ್ ನಡುವೆ ತೆರೆಯುವ ಮೊದಲ ಮೂರು, ನಾಲ್ಕನೇ, ಐದನೇ ಎಲೆ) ಎಲ್ಲ ಗೊತ್ತಿದ್ದೂ ತಿಂಗಳ ಕೊನೆಗೆ ಜೇಬು ಖಾಲಿ ಮಾಡಿಕೊಳ್ಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಗೋಣಿಕೊಪ್ಪ ಕಡೆಯ ಟೇಬಲ್. ತೋಟದವರು ಮೂರು ನಾಲ್ಕು ಜನ, ಹೋಂಸ್ಟೇ ನಡೆಸುವವರು ಒಬ್ಬರು, ಮೆಣಸಿನ ವ್ಯಾಪಾರಿ, ಮಿಲಿಟರಿಯಿಂದ ನಿವೃತ್ತರಾದ ಮಾವ. ಕಾಫಿ ಕೊಯ್ಲಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆಟ ಜೋರಾಗುವುದು ಮಳೆಗಾಲದಲ್ಲಿ, ಅದರಲ್ಲೂ ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು). ತೋಟಕ್ಕೆ ಕಾಲಿಡಲು ಆಗುವುದಿಲ್ಲ, ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಅಂತೂ ಕೇಳಲೇಬೇಡಿ. ಬ್ಲೈಂಡ್ 5-10 ರೂಪಾಯಿ. ಸಾವಿರ ರೂಪಾಯಿಗೆ ಚಿಪ್ಸ್ ತಗೊಂಡು ಕೂರುವುದು. ಮನೆಯ ಆಟ, ಕಮಿಷನ್ ಯಾರೂ ತೆಗೆಯುವುದಿಲ್ಲ. ಊಟದ ಖರ್ಚು ಮಾತ್ರ ಹಂಚಿಕೊಳ್ಳುತ್ತೇವೆ.

ಇಲ್ಲಿ ಎಲ್ಲರೂ ತೀನ್ ಪತ್ತಿ ಆಡಿ ಬೆಳೆದವರು. ಎಲೆ ನೋಡದೆ ದುಡ್ಡು ಹಾಕಿಯೇ ಅಭ್ಯಾಸ. ಹಾಗಾಗಿ ನೀವು 30 ರೂಪಾಯಿಗೆ ರೈಸ್ ಮಾಡಿದರೆ (ಬೆಟ್ ಏರಿಸಿದರೆ) ಐದು ಜನ ಬರುತ್ತಾರೆ. ಬಂದವರು ರಿವರ್ ತನಕ ಎಲೆ ಬಿಡುವುದಿಲ್ಲ. "ಇಷ್ಟು ಹಾಕಿದ್ದೀನಲ್ಲ, ನೋಡೇಬಿಡೋಣ" ಅನ್ನುವುದೇ ಅವರ ಲೆಕ್ಕ.

ನಾನು ಕಲಿತದ್ದು ಫೋನಿನ ಆ್ಯಪ್‌ನಲ್ಲಿ. ಯಾವ ಎಲೆ ಆಡಬೇಕು ಅನ್ನುವ ಅಲ್ಲಿನ ಚಾರ್ಟ್, ಅಲ್ಲಿನ ಬೆಟ್, ಅಲ್ಲಿನ ಬ್ಲಫ್ ಎಲ್ಲವನ್ನೂ ತಂದು ಈ ಟೇಬಲ್ ಮೇಲೆ ಹಾಕಿದೆ. ಮೊದಲ ಮಳೆಗಾಲದಲ್ಲಿ 18-20 ಸಾವಿರ ಹೋಯಿತು. ಆ್ಯಪ್‌ನಲ್ಲಿ ಆಡುವವರಿಗೆ ಪ್ಯಾಕ್ ಮಾಡುವುದು, ಅಂದರೆ ಎಲೆ ಎಸೆದು ಹಿಂದೆ ಸರಿಯುವುದು, ಗೊತ್ತು. ನಮ್ಮವರಿಗೆ ಗೊತ್ತಿಲ್ಲ. ಇಷ್ಟೇ ವ್ಯತ್ಯಾಸ, ಆದರೆ ಆಟ ಪೂರ್ತಿ ಬೇರೆ. (ಆನ್‌ಲೈನ್‌ನಲ್ಲಿ ದುಡ್ಡು ಕಟ್ಟುವ ಆಟವನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ನಿಷೇಧಿಸಿತು. ನನಗೆ ಬೇಜಾರಿಲ್ಲ. ಫೋನಿನಲ್ಲಿ ದುಡ್ಡು ಹೋಗುವ ವೇಗ ಕೈಗೆ ಗೊತ್ತಾಗುವುದೇ ಇಲ್ಲ.)

ಆಮೇಲೆ ಒಂದು ಪುಸ್ತಕ ಇಟ್ಟೆ. ತೋಟದ ಕೂಲಿ ಲೆಕ್ಕ ಬರೆಯುವಂಥದ್ದೇ ಉದ್ದನೆಯ ಪುಸ್ತಕ. ಯಾವ ಸೀಟು, ಯಾವ ಎಲೆ, ಎಷ್ಟು ಹೋಯಿತು, ಎಷ್ಟು ಬಂತು. ಬ್ಲಫ್ ಮಾಡಿದರೆ ಪಾಟ್ (ನಡುವೆ ಸೇರಿದ ದುಡ್ಡು) ಎಷ್ಟಿತ್ತು, ಯಾರ ಮೇಲೆ ಮಾಡಿದೆ, ಅವರು ಪ್ಯಾಕ್ ಮಾಡಿದರಾ ಅಂತ ಬೇರೆ ಪುಟದಲ್ಲಿ. ಟೇಬಲ್‌ನಲ್ಲೇ ಬರೆದರೆ ಚೆನ್ನಾಗಿರುವುದಿಲ್ಲ. ಮನೆಗೆ ಬಂದು ನೆನಪಿದ್ದಷ್ಟು ಬರೆಯುತ್ತಿದ್ದೆ.

ಬ್ಲಫ್‌ನ ಲೆಕ್ಕ ನಿಮಗೆ ಗೊತ್ತಿದೆ. ಅರ್ಧ ಪಾಟ್ ಬೆಟ್ ಮಾಡಿದರೆ ಮೂರರಲ್ಲಿ ಒಂದು ಸಲ ಎದುರಿನವರು ಪ್ಯಾಕ್ ಮಾಡಬೇಕು. ಪೂರ್ತಿ ಪಾಟ್ ಆದರೆ ಎರಡರಲ್ಲಿ ಒಂದು ಸಲ. ಅದಕ್ಕಿಂತ ಕಡಿಮೆಯಾದರೆ ನಷ್ಟ. ನನ್ನ ಪುಸ್ತಕದಲ್ಲಿ ಅದು ಆರರಲ್ಲಿ ಒಂದರ ಆಸುಪಾಸು ಇತ್ತು. ಸುಬೇದಾರ್ ಮಾವನ ಹೆಸರಿನ ಮುಂದಂತೂ ಒಂದೂ ಇಲ್ಲ. ಕೈಯಲ್ಲಿ ನಾಲ್ಕರ ಜೋಡಿ ಇದ್ದರೂ ಅವರು ದುಡ್ಡು ಹಾಕಿ ನೋಡಿಯೇ ನೋಡುತ್ತಾರೆ.

2003ರ ಪೋಕರ್ ವಿಶ್ವ ಸರಣಿಯ ಆ ಬ್ಲಫ್ ವಿಡಿಯೊ ನೋಡದವರಿಲ್ಲ. ಕೊನೆಗೆ ಇಬ್ಬರೇ ಉಳಿದಾಗ ಕ್ರಿಸ್ ಮನಿಮೇಕರ್ ಏನೂ ಇಲ್ಲದೆ ಆಲ್ ಇನ್ ಹೋಗುತ್ತಾನೆ (ಇದ್ದ ಚಿಪ್ಸ್ ಎಲ್ಲ ಹಾಕುತ್ತಾನೆ), ಒಂಬತ್ತರ ಜೋಡಿ ಇದ್ದ ಸ್ಯಾಮ್ ಫರ್ಹಾ ಪ್ಯಾಕ್ ಮಾಡುತ್ತಾನೆ. 86 ಡಾಲರ್‌ನ ಆನ್‌ಲೈನ್ ಟೂರ್ನಮೆಂಟ್‌ನಿಂದ ಬಂದವನು 25 ಲಕ್ಷ ಡಾಲರ್ ಗೆದ್ದ. ನಮ್ಮ ಹುಡುಗರೆಲ್ಲ ಅದನ್ನು ನೋಡಿ ಬ್ಲಫ್ ಕಲಿಯುತ್ತಾರೆ. ನಾನು ಅದರಲ್ಲಿ ನೋಡುವುದು ಫರ್ಹಾನನ್ನು. ಅವನು ದೊಡ್ಡ ಆಟಗಾರ, ಒಂಬತ್ತರ ಜೋಡಿ ಎಸೆಯುವಷ್ಟು ಯೋಚನೆ ಮಾಡಿದ. ಆ ಜಾಗದಲ್ಲಿ ನಮ್ಮ ಮಾವ ಕೂತಿದ್ದರೆ ಮನಿಮೇಕರ್ ಅಲ್ಲೇ ಬಹುಪಾಲು ಚಿಪ್ಸ್ ಕಳೆದುಕೊಳ್ಳುತ್ತಿದ್ದ.

ಹಾಗಾಗಿ ಬ್ಲಫ್ ಪುಟ ಮುಚ್ಚಿದೆ. ಎರಡನೇ ಮಳೆಗಾಲದಿಂದ ನಾಲ್ಕೇ ಕೆಲಸ.

ಮೊದಲನೆಯದು ಎಲೆ ಆರಿಸುವುದು, ಅಂದರೆ ಕೈಗೆ ಬಂದ ಎರಡು ಎಲೆ ಆಡಬೇಕೋ ಬೇಡವೋ ಅನ್ನುವುದು. ಪುಸ್ತಕದಲ್ಲಿ ಜಾಸ್ತಿ ದುಡ್ಡು ತಿಂದದ್ದು ಕೆಟ್ಟ ಎಲೆಗಳಲ್ಲ, ನೋಡಲು ಚೆನ್ನಾಗಿರುವ ಎಲೆಗಳು. ಎಕ್ಕದ ಜೊತೆ ಆರು, ರಾಜನ ಜೊತೆ ಒಂಬತ್ತು, ರಾಣಿಯ ಜೊತೆ ಹತ್ತು. ಫ್ಲಾಪ್‌ನಲ್ಲಿ ಎಕ್ಕ ಬೀಳುತ್ತದೆ, ಖುಷಿಯಾಗಿ ದುಡ್ಡು ಹಾಕುತ್ತೀರಿ, ಎದುರಿಗೆ ಎಕ್ಕ-ರಾಜ ಇರುತ್ತದೆ. ಎಕ್ಕದ ಜೊತೆ ಸಣ್ಣ ಎಲೆ ಹಿಡಿದು ನಾನೊಬ್ಬನೇ ಆ ವರ್ಷ ಐದಾರು ಸಾವಿರ ಕೊಟ್ಟಿದ್ದೆ. ಈಗ ಮೊದಲ ಸೀಟುಗಳಲ್ಲಿ ಎಂಟರ ಮೇಲಿನ ಜೋಡಿ, ಎಕ್ಕ-ರಾಜ, ಎಕ್ಕ-ರಾಣಿ, ಒಂದೇ ಕಲರ್ (ಎರಡೂ ಇಸ್ಪೀಟು ಅಥವಾ ಎರಡೂ ಆಟೀನು, ಹೀಗೆ) ಇದ್ದರೆ ಎಕ್ಕ-ಗುಲಾಮ ಮತ್ತು ರಾಜ-ರಾಣಿ. ಮುಗಿಯಿತು. ಬಟನ್ ನನ್ನದಾದರೆ ಮಾತ್ರ ಸಣ್ಣ ಜೋಡಿ, ಒಂದೇ ಕಲರ್‌ನ ಎಕ್ಕ, 8-9 ತರಹದ ಅಕ್ಕಪಕ್ಕದ ಎಲೆ. "ಎರಡೂ ಇಸ್ಪೀಟು ಬಂತು, ಬಿಡೋದು ಹೇಗೆ?" ಅನ್ನುವವರಿಗೆ ಹೇಳುತ್ತೇನೆ, ಒಂದೇ ಕಲರ್ ಇದ್ದರೆ ಸಿಗುವ ಲಾಭ ನೂರಕ್ಕೆ ಎರಡು ಮೂರು ಮಾತ್ರ.

ಎರಡನೆಯದು ರೈಸ್. 30ಕ್ಕೆ ಐದು ಜನ ಬರುತ್ತಾರೆ ಅಂದರೆ 30 ಕಡಿಮೆ ಅಂತ ಅರ್ಥ. 50 ಮಾಡಿದೆ, ನಾಲ್ಕು ಜನ ಬಂದರು. 70-80ಕ್ಕೆ ಬಂದಾಗ ಒಬ್ಬರೋ ಇಬ್ಬರೋ ಉಳಿದರು. ಅದೇ ನನ್ನ ರೇಟು. ಎಕ್ಕದ ಜೋಡಿ ಎದುರಿಗೆ ಯಾವುದೋ ಎಲೆ ಹಿಡಿದ ಒಬ್ಬರೇ ಇದ್ದರೆ ನೂರಕ್ಕೆ 85 ಸಲ ಗೆಲ್ಲುತ್ತದೆ, ಐದು ಜನ ಇದ್ದರೆ 49. ಇದನ್ನು ಒಪ್ಪದ ಹೋಂಸ್ಟೇ ಅಣ್ಣನಿಗಾಗಿ ಕರೆಂಟ್ ಹೋದ ರಾತ್ರಿಗಳಲ್ಲಿ ಮನೆಯಲ್ಲೇ ಹಂಚಿ ನೋಡಿದೆ. ಎಕ್ಕದ ಜೋಡಿ ಒಂದು ಕಡೆ, ಐದು ಕೈ ಇನ್ನೊಂದು ಕಡೆ. ಮನೆಯವಳು ಗೀಟು ಹಾಕುತ್ತಾ ಹೋದಳು. ಇನ್ನೂರು ಮುನ್ನೂರು ಸಲ ಆಗಿರಬಹುದು, ಅರ್ಧಕ್ಕಿಂತ ಸ್ವಲ್ಪ ಕಡಿಮೆಯೇ ಬಂತು. ಐದು ಜನ ಬಂದರೆ ಪಾಟ್ ದೊಡ್ಡದಾಗುತ್ತದೆ ನಿಜ, ಎಕ್ಕದ ಜೋಡಿಗೆ ಲಾಭವೂ ಇದೆ. ಆದರೆ ಯಾರ ಹತ್ತಿರ ಏನಿದೆ ಅಂತ ಗೊತ್ತಾಗದೆ ಟರ್ನ್‌ನಲ್ಲಿ ಸಿಕ್ಕಿಬೀಳುತ್ತೀರಿ. ಅದಕ್ಕಿಂತ 80ರಂತೆ ಇಬ್ಬರು ಬಂದರೆ ಆಟ ಸಲೀಸು.

ಮೂರನೆಯದು, ನನ್ನ ಗೆಲುವಿನ ಮುಕ್ಕಾಲು ಪಾಲು ಬಂದದ್ದು ಇದರಲ್ಲಿ. ಒಳ್ಳೆಯ ಎಲೆ ಇದ್ದಾಗ ಫ್ಲಾಪ್, ಟರ್ನ್, ರಿವರ್ ಮೂರರಲ್ಲೂ ಬೆಟ್ ಮಾಡುವುದು, ಮುಕ್ಕಾಲು ಪಾಟ್‌ನಷ್ಟು. ಮೊದಲು ನಾನೂ ಎಲ್ಲರಂತೆ ಬಲೆ ಹಾಕುತ್ತಿದ್ದೆ, ಚೆಕ್ ಮಾಡಿ (ಬೆಟ್ ಹಾಕದೆ ಸರದಿ ಬಿಟ್ಟು) ಕಾಯುತ್ತಿದ್ದೆ. ನೋಡಲು ದುಡ್ಡು ಕೊಡುವವರು ಎದುರಿಗೆ ಕೂತಿರುವಾಗ ಪುಕ್ಕಟೆ ತೋರಿಸುವುದು ಯಾಕೆ? ಫ್ಲಶ್‌ಗೆ (ಒಂದೇ ಕಲರ್‌ನ ಐದು ಎಲೆ) ಇನ್ನೊಂದು ಎಲೆ ಬೇಕಾದವನಿಗೆ ಒಂಬತ್ತು ಎಲೆಗಳಿವೆ. ಮುಂದಿನ ಒಂದು ಎಲೆಯಲ್ಲಿ ಅದು ಸಿಗುವುದು ನೂರಕ್ಕೆ 19, ಎರಡೂ ಎಲೆ ಸೇರಿ 35. ಪಾಟ್ 300 ಇರುವಾಗ ನಾನು 225 ಹಾಕಿದರೆ ಅವನಿಗೆ ನೂರಕ್ಕೆ 30 ಆದರೂ ಬೇಕು. ಟರ್ನ್‌ನಲ್ಲಿ ಅವನು ಕಾಲ್ ಮಾಡಿದ (ಅಷ್ಟೇ ದುಡ್ಡು ಹಾಕಿ ಬಂದ) ಪ್ರತಿ ಸಲವೂ ನನಗೆ ಲಾಭ. ಕೆಲವು ಸಲ ರಿವರ್‌ನಲ್ಲಿ ಅವನಿಗೆ ಬರುತ್ತದೆ. ಬರಲಿ.

ನಾಲ್ಕನೆಯದು ಯಾರೂ ಹೇಳಿಕೊಡಲಿಲ್ಲ, ಪುಸ್ತಕವೇ ತೋರಿಸಿತು. ಸದಾ ಕಾಲ್ ಮಾಡುವವರು ಟರ್ನ್ ಅಥವಾ ರಿವರ್‌ನಲ್ಲಿ ರೈಸ್ ಮಾಡಿದರೆ ನಂಬಬೇಕು. ಸುಬೇದಾರ್ ಮಾವ ರಿವರ್‌ನಲ್ಲಿ ರೈಸ್ ಮಾಡಿದರೆ ನಾನು ಎರಡು ಜೋಡಿಯನ್ನೂ ಎಸೆಯುತ್ತೇನೆ. ಮೊದಲ ವರ್ಷ ಅಂಥ ರೈಸ್ ನೋಡಲು ಹೋಗಿ ನಾಲ್ಕೈದು ಸಾವಿರ ಹೋಗಿತ್ತು. ಒಂದೆರಡು ಸಲ ಬಿಟ್ಟರೆ ಅವರ ಹತ್ತಿರ ಪ್ರತಿ ಸಲವೂ ಇತ್ತು. ಮಾವನ ಕೈಯಲ್ಲಿ ದೊಡ್ಡದು ಬಂದದ್ದು ರೈಸ್‌ಗೂ ಮೊದಲೇ ನನಗೆ ಇನ್ನೊಂದು ರೀತಿಯಲ್ಲಿ ಗೊತ್ತಾಗುತ್ತದೆ. ಅದು ನನ್ನ ಹತ್ತಿರವೇ ಇರಲಿ.

ಸೀಟಿನ ವಿಷಯದಲ್ಲೂ ಪ್ರಯೋಗ ಮಾಡಿದ್ದೇನೆ. ಜೋರಾಗಿ ರೈಸ್ ಮಾಡುವ ಮೆಣಸಿನ ವ್ಯಾಪಾರಿ ನನ್ನ ಬಲಕ್ಕೆ ಇರಬೇಕು. ಅವನು ಏನು ಮಾಡಿದ ಅಂತ ನೋಡಿ ಆಮೇಲೆ ನನ್ನ ಸರದಿ ಬರುತ್ತದೆ. ಅವನು ಎಡಕ್ಕಿದ್ದ ರಾತ್ರಿಗಳಲ್ಲಿ ನನ್ನ ಲೆಕ್ಕ ಸರಾಸರಿ ಸೊನ್ನೆ, ಬಲಕ್ಕಿದ್ದರೆ ಐನೂರು ಆರುನೂರು ಮೇಲೆ. ಸೀಟು ಚೀಟಿ ಎತ್ತಿ ಕೊಡುವ ಟೇಬಲ್‌ಗಳಲ್ಲಿ ಇದು ನಡೆಯುವುದಿಲ್ಲ. ನಮ್ಮಲ್ಲಿ ಹತ್ತು ನಿಮಿಷ ತಡವಾಗಿ ಹೋದರೆ ಸಾಕು.

ಸಣ್ಣ ಜೋಡಿ ಹಿಡಿದು ಅದೇ ನಂಬರಿನ ಮೂರನೆಯ ಎಲೆಗೆ ಕಾಯುವುದನ್ನೂ ಪರೀಕ್ಷೆ ಮಾಡಿದೆ. ಫ್ಲಾಪ್‌ನಲ್ಲಿ ಅದು ಬರುವುದು ಎಂಟೂವರೆಗೆ ಒಂದು ಸಲ. ಅಂದರೆ 60 ಕೊಟ್ಟು ಕಾಯಬೇಕಾದರೆ ಎದುರಿನವನ ಮುಂದೆ ಕಡಿಮೆ ಅಂದರೂ 700-800 ಇರಬೇಕು. 300 ರೂಪಾಯಿ ಉಳಿಸಿಕೊಂಡು ಕೂತವನ ಮೇಲೆ ಇದನ್ನು ಆಡಿ ಎರಡು ತಿಂಗಳಲ್ಲಿ ಒಂದೂವರೆ ಸಾವಿರ ಹೋಯಿತು. ಈಗ ಎಲೆ ನೋಡುವ ಮೊದಲು ಅವರ ಚಿಪ್ಸ್ ನೋಡುತ್ತೇನೆ.

ಒಂದು ಸಲ ಗೋವಾಕ್ಕೆ ಹೋಗಿ ಮಾಂಡೋವಿ ನದಿಯ ಕ್ಯಾಸಿನೊ ಹಡಗಿನಲ್ಲೂ ಕೂತೆ. ಇದೇ ರೀತಿ ಅಲ್ಲಿ ನಡೆಯಲಿಲ್ಲ. ನಾನು ದೊಡ್ಡ ರೈಸ್ ಮಾಡಿದರೆ ಎಲ್ಲರೂ ಪ್ಯಾಕ್, ಎಕ್ಕದ ಜೋಡಿಗೆ ಬರೀ ಬ್ಲೈಂಡ್ ಸಿಕ್ಕಿತು. ಪ್ರತಿ ಪಾಟ್‌ನಿಂದ ಅವರ ಕಮಿಷನ್ ಬೇರೆ. ಎರಡನೇ ರಾತ್ರಿ ರೈಸ್ ಸಣ್ಣದು ಮಾಡಿ, ಬಟನ್‌ನಲ್ಲಿ ಬ್ಲೈಂಡ್ ಕದಿಯಲು (ರೈಸ್ ಮಾಡಿ ಎಲ್ಲರನ್ನೂ ಪ್ಯಾಕ್ ಮಾಡಿಸಿ ಬ್ಲೈಂಡ್ ಎತ್ತಿಕೊಳ್ಳಲು) ಶುರು ಮಾಡಿದ ಮೇಲೆ ಸರಿಹೋಯಿತು. ಬಸ್ಸಿನ ಖರ್ಚು, ರೂಮಿನ ಬಾಡಿಗೆ ಕಳೆದರೆ ಲಾಭ ಏನೂ ಇಲ್ಲ. ಆದರೆ ಒಂದು ಖಾತ್ರಿಯಾಯಿತು. ನನ್ನ ರೀತಿ ನಮ್ಮಂಥ ಟೇಬಲ್‌ಗೆ ಮಾತ್ರ.

ಇನ್ನು ದುಡ್ಡು. ಮೆಣಸು ಮಾರಿದ ದುಡ್ಡಿನಲ್ಲಿ 25 ಸಾವಿರ ತೆಗೆದು ಬೇರೆ ಲಕೋಟೆಯಲ್ಲಿ ಇಟ್ಟೆ. ಆಟ ಅದರಲ್ಲೇ. ಗೊಬ್ಬರದ ದುಡ್ಡು, ಕೂಲಿ ದುಡ್ಡು ಮುಟ್ಟುವ ಹಾಗಿಲ್ಲ. ಒಂದು ರಾತ್ರಿಗೆ ಮೂರು ಸಾವಿರಕ್ಕಿಂತ ಜಾಸ್ತಿ ಜೇಬಿನಲ್ಲಿ ಒಯ್ಯುವುದಿಲ್ಲ, ಸಾಲದ ಚಿಪ್ಸ್ ತಗೊಳ್ಳುವುದಿಲ್ಲ, ಕೊಡುವುದೂ ಇಲ್ಲ. ಇದಕ್ಕೆ ಮೊದಮೊದಲು ಬೇಜಾರು ಮಾಡಿಕೊಂಡವರಿದ್ದಾರೆ. ಆದರೆ ಈ ಲಕೋಟೆ ಇಲ್ಲದಿದ್ದರೆ ಕಳೆದ ಕೈಲ್‌ಪೊಳ್ದ್ (ಸೆಪ್ಟೆಂಬರ್‌ನಲ್ಲಿ ಬರುವ ನಮ್ಮ ಆಯುಧ ಹಬ್ಬ) ಆದಮೇಲಿನ ಕೆಲವು ವಾರಗಳಲ್ಲಿ ನಾನು ಈ ರೀತಿಯನ್ನೇ ಬಿಟ್ಟುಬಿಡುತ್ತಿದ್ದೆ. ಎಕ್ಕದ ಜೋಡಿ ರಾಜನ ಜೋಡಿಗೆ ಸೋತಿತು. ನೂರಕ್ಕೆ 18 ಸಲ ಹಾಗಾಗುತ್ತದೆ ಅಂತ ಗೊತ್ತಿದ್ದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ವಾರ ಹತ್ತರ ಜೋಡಿ ಎಕ್ಕ-ರಾಣಿಗೆ ಹೋಯಿತು. ಏಳೆಂಟು ಸಾವಿರ ಇಳಿಯಿತು. "ನೋಡಿದ್ಯಾ? ಲೆಕ್ಕ ಎಲ್ಲ ಎಲ್ಲಿ ಹೋಯ್ತು?" ಅಂತ ಎಲ್ಲರೂ ಕೇಳಿದರು. ನಮ್ಮ ಟೇಬಲ್‌ನಲ್ಲಿ ಗಂಟೆಗೆ 20-25 ಕೈ ಅಷ್ಟೇ ಹಂಚುವುದು. ಎಕ್ಕದ ಜೋಡಿ 221ಕ್ಕೆ ಒಂದು ಸಲ ಬರುತ್ತದೆ, ಅಂದರೆ ಇಡೀ ರಾತ್ರಿ ಕೂತರೂ ಬರದೇ ಇರಬಹುದು. ಇಷ್ಟು ನಿಧಾನದ ಆಟದಲ್ಲಿ ಮೂರು ವಾರದ ಸೋಲು ಏನನ್ನೂ ಹೇಳುವುದಿಲ್ಲ. ನಾನು ಏನೂ ಬದಲಿಸಲಿಲ್ಲ. ಪುತ್ತರಿ (ಸುಗ್ಗಿ ಹಬ್ಬ) ಹೊತ್ತಿಗೆ ಅದೆಲ್ಲ ವಾಪಸ್ ಬಂದು ಮೇಲೆ ನಾಲ್ಕು ಸಾವಿರ ಇತ್ತು.

ಈಗ ಟೇಬಲ್ ಸ್ವಲ್ಪ ಬದಲಾಗುತ್ತಿದೆ. ಮೆಣಸಿನ ವ್ಯಾಪಾರಿ ನನ್ನ ರೈಸ್ ಕಂಡರೆ ಪ್ಯಾಕ್ ಮಾಡಲು ಶುರು ಮಾಡಿದ್ದಾನೆ. ಹಾಗಾಗಿ ಬ್ಲಫ್ ಪುಟ ಮತ್ತೆ ತೆರೆದಿದ್ದೇನೆ, ಅವನೊಬ್ಬನ ಹೆಸರಿನಲ್ಲಿ ಮಾತ್ರ. ಸದ್ಯಕ್ಕೆ ಎರಡರಲ್ಲಿ ಒಂದು ಸಲ ನಡೆಯುತ್ತಿದೆ, ಅರ್ಧ ಪಾಟ್ ಬೆಟ್‌ಗೆ ಅದು ಧಾರಾಳ. ಮಾವ ಇನ್ನೂ ನೋಡುತ್ತಲೇ ಇದ್ದಾರೆ. ಬರುವ ಕಕ್ಕಡಕ್ಕೆ ಬ್ಲೈಂಡ್ 10-20 ಮಾಡೋಣ ಅಂತ ಅವರೇ ಹೇಳಿದ್ದಾರೆ. ಅದಕ್ಕೆ ಲಕೋಟೆಯಲ್ಲಿ 50 ಸಾವಿರ ಆದರೂ ಬೇಕು. ಮೊದಲಿನ 25, ಗೆದ್ದ 35 ಸೇರಿ 60 ಇದೆ. ಆಗಲಿ ಅಂದಿದ್ದೇನೆ.